ಮಸ್ಕಿಯಲ್ಲಿ ಒಮ್ಮೆ ಬಸ್ ಇಳಿಯಿರಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್ ಚಹಾ ಕುಡಿಯುತ್ತಾನೆ, ನಾವು ಮಿರ್ಚಿ ಕಟ್ಟಿಸಿಕೊಳ್ಳುತ್ತೇವೆ. ಕಂಡಕ್ಟರ್ ಸೀಟಿ ಊದಿದರೆ ಮತ್ತೆ ಹತ್ತುತ್ತೇವೆ. ಕಾಲೇಜಿಗೆ ಹೋಗುವಾಗ, ಮದುವೆಗೆ ಹೋಗುವಾಗ, ದವಾಖಾನೆಗೆ ಹೋಗುವಾಗ ಹೀಗೆ ನಾನು ಎಷ್ಟು ಸಲ ಮಸ್ಕಿ ದಾಟಿದ್ದೇನೋ ಲೆಕ್ಕವಿಲ್ಲ. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅಲ್ಲಿ ಅಶೋಕನ ಶಾಸನ ಇದೆ ಅಂತ ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಒಂದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಇಳಿದು ನೋಡಿರಲಿಲ್ಲ.

ಇಳಿಯುವಂತೆ ಮಾಡಿದ್ದು ಆಸ್ಟ್ರೇಲಿಯಾದಿಂದ ಬಂದ ನಾಲ್ಕು ಫೋಟೊ. ನಮ್ಮ ಜೊತೆ ಡಿಗ್ರಿ ಓದಿ ಈಗ ಮೆಲ್ಬರ್ನ್‌ನಲ್ಲಿ ದುಡಿಯುತ್ತಿರುವ ಗೆಳೆಯನೊಬ್ಬ ರಜೆಯಲ್ಲಿ ಎಚೂಕಾ ಎಂಬ ಊರಿಗೆ ಹೋಗಿದ್ದ. ಮೆಲ್ಬರ್ನ್‌ನಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಮರ್ರೆ ನದಿಯ ದಂಡೆಯಲ್ಲಿರುವ ಸಣ್ಣ ಊರು ಅದು. ಹೆಸರು ಅಲ್ಲಿನ ಮೂಲನಿವಾಸಿಗಳದು; ನೀರು ಕೂಡುವ ಜಾಗ ಅಂತ ಅರ್ಥ. ಶಿಕ್ಷೆಗೆ ಗುರಿಯಾಗಿ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದಿದ್ದ ಹೆನ್ರಿ ಹಾಪ್‌ವುಡ್ ಎಂಬುವನು 1850ರ ದಶಕದಲ್ಲಿ ಅಲ್ಲಿ ಹೊಳೆ ದಾಟಿಸುವ ದೋಣಿ ಹಾಕಿದ. ಅದರ ಸುತ್ತ ಊರು ಬೆಳೆಯಿತು. 1864ರಲ್ಲಿ ರೈಲು ಬಂತು. ಮರುವರ್ಷ ಕೆಂಪು ಮರದ ದೊಡ್ಡ ದಿಮ್ಮಿಗಳಿಂದ ಹಡಗುಕಟ್ಟೆ ಕಟ್ಟಲು ಶುರು ಮಾಡಿದರು. ಕುರಿ ಉಣ್ಣೆ ತುಂಬಿದ ಉಗಿ ದೋಣಿಗಳು ಅಲ್ಲಿಗೆ ಬರುತ್ತಿದ್ದವು. ಆಮೇಲೆ ರೈಲು ಎಲ್ಲ ಕಡೆ ಹೋಯಿತು, ದೋಣಿ ವ್ಯಾಪಾರ ಬಿತ್ತು. ಆದರೂ ಊರಿನವರು ಕಟ್ಟೆಯನ್ನೂ ದೋಣಿಗಳನ್ನೂ ಉಳಿಸಿಕೊಂಡರು. 1866ರಲ್ಲಿ ಕಟ್ಟಿದ 'ಅಡಿಲೇಡ್' ಎಂಬ ದೋಣಿ ಈಗಲೂ ಓಡುತ್ತದೆ. ಜನ ದುಡ್ಡು ಕೊಟ್ಟು ಅದರಲ್ಲಿ ಕೂತು ಬರುತ್ತಾರೆ.

ಫೋಟೊ ಕಳಿಸಿ ಗೆಳೆಯ ಕೇಳಿದ: "ನೂರೈವತ್ತು ವರ್ಷದ ಕಟ್ಟಿಗೆ ನೋಡಾಕ ಇಲ್ಲಿ ಇಷ್ಟು ಮಂದಿ ಬರ್ತಾರಲೇ. ನಮ್ಮ ಕಡೆ ಹೊಳಿ ದಂಡಿ ಮ್ಯಾಲ ಇಂಥ ಹಳೇ ಊರು ಯಾವುದೈತಿ?"

ನಾನು ಮಸ್ಕಿ ಅಂದೆ. ಅಂದಮೇಲೆ ನಾಚಿಕೆಯಾಯಿತು.

ಮಸ್ಕಿಯನ್ನು ಹೊಳೆ ದಂಡೆಯ ಊರು ಅಂದರೆ ಕೆಲವರು ನಗಬಹುದು. ಅಲ್ಲಿರುವುದು ಹಳ್ಳ. ಬೇಸಿಗೆಯಲ್ಲಿ ಅದರ ಉಸುಕಿನಲ್ಲಿ ದನ ದಾಟುತ್ತವೆ. ಮಳೆಗಾಲದಲ್ಲಿ ಅದೇ ಹಳ್ಳ ರಸ್ತೆ ಬಂದ್ ಮಾಡಿಸುತ್ತದೆ. ಅದಕ್ಕೆ ಕಟ್ಟಿದ ಮಸ್ಕಿ ನಾಲಾ ಜಲಾಶಯದ ಗೇಟು ತೆಗೆದರು ಅಂದರೆ ದಂಡೆಯ ಮನೆಯವರಿಗೆ ನಿದ್ದೆ ಇಲ್ಲ. ಹರಿದು ಹರಿದು ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಈ ಹಳ್ಳದ ನೀರು, ಸುತ್ತಲಿನ ಎರಿ ಹೊಲ, ಗುಡ್ಡದ ಮರೆ, ಇಷ್ಟು ಇದ್ದುದರಿಂದಲೇ ಮೂರು ಸಾವಿರ ವರ್ಷದ ಹಿಂದೆ ಜನ ಇಲ್ಲಿ ಮನೆ ಹಾಕಿದ್ದು.

ನಾನು ಹೋದದ್ದು ಜನವರಿಯ ಒಂದು ಬೆಳಿಗ್ಗೆ. ಬಸ್ ಇಳಿದು ದಾರಿ ಕೇಳಿದರೆ ಒಬ್ಬರು "ಅಶೋಕನ ಕಲ್ಲೇನು?" ಅಂತ ಕೈ ತೋರಿಸಿದರು. ಊರಿಗೆ ಹತ್ತಿಕೊಂಡೇ ಗುಡ್ಡ ಇದೆ, ನಡೆದೇ ಹೋಗಬಹುದು. ಅದೇ ಊರಿನ ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಕೆಳಗೆ ಭ್ರಮರಾಂಬ. ಅದಕ್ಕೇ ಮಸ್ಕಿಯನ್ನು ಎರಡನೇ ಶ್ರೀಶೈಲ ಅನ್ನುತ್ತಾರೆ. ಮಲ್ಲಯ್ಯನ ದರ್ಶನಕ್ಕೆ ಬರುವವರು ಸಾಕಷ್ಟು ಜನ. ಶಾಸನದ ಕಡೆ ಆವತ್ತು ನಾನೊಬ್ಬನೇ. ಎರಡು ಆಡು ಇದ್ದವು.

ಕಬ್ಬಿಣದ ಜಾಲರಿಯ ಆಚೆ ದೊಡ್ಡ ಬಂಡೆ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೀಟು, ಕೊಕ್ಕೆ, ಶಿಲುಬೆಯಂಥ ಗುರುತುಗಳು ಒಂದೊಂದಾಗಿ ಏಳುತ್ತವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎಂಟು ಸಾಲು. ಅಲ್ಲಲ್ಲಿ ಕಲ್ಲು ಚಕ್ಕೆ ಎದ್ದು ಅಕ್ಷರ ಹೋಗಿವೆ. ಕನ್ನಡದ ಅಕ್ಷರಗಳೂ ಹಿಂದೆ ಹಿಂದೆ ಹೋದರೆ ಈ ಬ್ರಾಹ್ಮಿಗೇ ಮುಟ್ಟುತ್ತವೆ. ಅಂದರೆ ನೀವು ಈಗ ಫೋನಿನಲ್ಲಿ ಓದುತ್ತಿರುವ ಅಕ್ಷರದ ಮುತ್ತಜ್ಜ ಆ ಕಲ್ಲಿನ ಮೇಲೆ ಕೂತಿದ್ದಾನೆ.

ಈ ಕಲ್ಲಿನ ಮಹತ್ವ ಏನು ಅಂತ ನನಗೆ ಶಾಲೆಯಲ್ಲಿ ಸರಿಯಾಗಿ ತಿಳಿದಿರಲಿಲ್ಲ. ಅಶೋಕನ ಶಾಸನ ದೇಶದ ತುಂಬ ಇವೆಯಲ್ಲ, ನಮ್ಮದೂ ಒಂದು ಅಂದುಕೊಂಡಿದ್ದೆ. ವಿಷಯ ಬೇರೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದುವುದನ್ನು ಕಂಡುಹಿಡಿದ. ಓದಿದರೆ ಎಲ್ಲ ಕಲ್ಲಿನಲ್ಲೂ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಷ್ಟೇ ಇದೆ. ದೇವರಿಗೆ ಪ್ರಿಯನಾದವನು ಅಂದರೆ ಯಾರು? ಅದು ಬಿರುದು, ಹೆಸರಲ್ಲ. ಪ್ರಿನ್ಸೆಪ್ ಮೊದಲು ಇವನು ಸಿಂಹಳದ ರಾಜ ಇರಬೇಕು ಅಂದ. ಆಮೇಲೆ ಶ್ರೀಲಂಕಾದ ಹಳೆಯ ಬೌದ್ಧ ಗ್ರಂಥ ನೋಡಿ, ಇವನೇ ಮೌರ್ಯ ಅಶೋಕ ಅಂತ ವಿದ್ವಾಂಸರು ಹೊಂದಿಸಿದರು. ಆದರೆ ಅವನದೇ ಶಾಸನ ಒಂದರಲ್ಲಾದರೂ ಅವನ ಹೆಸರು ಬೇಕಲ್ಲ? ಮುಂದಿನ ಎಪ್ಪತ್ತಕ್ಕೂ ಹೆಚ್ಚು ವರ್ಷ ಸಿಗಲಿಲ್ಲ.

1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿತು. ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುಡ್ಡ ಸುತ್ತುವಾಗ ಅವನ ಕಣ್ಣಿಗೆ ಈ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಶುರುವಿನಲ್ಲೇ ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲಿ 'ಅಸೋಕಸ' ಅಂತ ಇತ್ತು. ಅಶೋಕನ ಅಂತ ಅರ್ಥ. ಹೈದರಾಬಾದಿನ ಪುರಾತತ್ವ ಇಲಾಖೆಯ ಪುಸ್ತಕಮಾಲೆಯಲ್ಲಿ ಮೊಟ್ಟಮೊದಲ ಸಂಚಿಕೆಯಾಗಿ ಅದೇ ವರ್ಷ ಪ್ರಕಟವಾದದ್ದು ಈ ಮಸ್ಕಿ ಶಾಸನದ ಬಗ್ಗೆಯೇ. ನಂತರ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳದಲ್ಲಿ ಕೂಡ ಅವನ ಹೆಸರಿರುವ ಶಾಸನ ಸಿಕ್ಕವು. ಮೊದಲನೆಯದು ಮಸ್ಕಿ. (ಹೆಸರು ಸಿಕ್ಕಿದ್ದು ನಮ್ಮಲ್ಲಿ, ಹೆಸರಿನ ಜೊತೆ ಅವನ ಶಿಲ್ಪ ಸಿಕ್ಕಿದ್ದು ಭೀಮಾ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ. ಎರಡೂ ಕಲ್ಯಾಣ ಕರ್ನಾಟಕವೇ. ಹಿಂದುಳಿದ ಭಾಗ ಅಂತ ಕೇಳಿ ಕೇಳಿ ಬೇಜಾರಾದವರು ಇದನ್ನು ಒಮ್ಮೆ ನೆನಪು ಮಾಡಿಕೊಳ್ಳಬಹುದು.)

ಹೆಸರಿನ ಮಾತು ಅಷ್ಟು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಮಾತು.

ಅಶೋಕ ಅಲ್ಲಿ ಹೇಳುವುದು ಸರಳ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು, ಸಂಘದ ಹತ್ತಿರ ಹೋಗಿ ಮನಸ್ಸಿಟ್ಟು ನಡೆಯಲು ಶುರು ಮಾಡಿ ವರ್ಷದ ಮೇಲಾಯಿತು, ಮೊದಲು ಮನುಷ್ಯರ ಜೊತೆ ಬೆರೆಯದ ದೇವತೆಗಳು ಈಗ ಬೆರೆತಿದ್ದಾರೆ ಅನ್ನುತ್ತಾನೆ. ಆಮೇಲೆ ಬರುವುದು ಮುಖ್ಯ ಮಾತು. ಇದನ್ನು ಸಾಧಿಸಲು ದೊಡ್ಡವರೇ ಆಗಬೇಕಿಲ್ಲ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಆಗುತ್ತದೆ, ದೊಡ್ಡವರಿಗೆ ಮಾತ್ರ ಆಗುತ್ತದೆ ಅಂತ ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎನ್ನುತ್ತಾನೆ. ಹೀಗೆ ಮಾಡಿದರೆ ಈ ಕೆಲಸ ಬಹುಕಾಲ ಉಳಿದು ಒಂದೂವರೆ ಪಟ್ಟು ಬೆಳೆಯುತ್ತದಂತೆ. ನಮ್ಮ ಅಪ್ಪ ಬಿತ್ತನೆ ಮುಗಿಸಿ ಹೊಲದ ಬದುವಿನಲ್ಲಿ ಕೂತು ಲೆಕ್ಕ ಹಾಕುವುದೂ ಹೀಗೇ, ಒಂದೂವರೆ ಪಟ್ಟು ಬಂದರೆ ಸಾಕಪಾ ಅಂತ.

ಪಾಟಲಿಪುತ್ರದಲ್ಲಿ ಕೂತ ರಾಜ 2,200 ವರ್ಷಕ್ಕೂ ಹಿಂದೆ ಈ ಮಾತನ್ನು ನಮ್ಮ ಗುಡ್ಡದ ಮೇಲೆ ಏಕೆ ಬರೆಸಿದ? ಇಲ್ಲಿ ಕೇಳುವ ಜನ ಇದ್ದರು, ಅದಕ್ಕೆ. ಯಾರೂ ಇಲ್ಲದ ಕಾಡಿನಲ್ಲಿ ಯಾವ ಸರ್ಕಾರವೂ ಬೋರ್ಡು ಹಾಕುವುದಿಲ್ಲ. ಚಿನ್ನಕ್ಕಾಗಿಯೇ ಮೌರ್ಯರು ಈ ಕಡೆ ಬಂದರು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಿನ ಗಣಿ ಶುರುವಾಗುವ ಮೊದಲೇ ಹಳೆಯ ಕಾಲದವರು ಸುಮಾರು 640 ಅಡಿ ಆಳದವರೆಗೆ ಅಗೆದಿದ್ದ ಗುರುತು ಸಿಕ್ಕಿದೆ. ಆ ಹಳೆ ಗಣಿಯೊಳಗೆ ಉಳಿದಿದ್ದ ಕಟ್ಟಿಗೆ ಸುಮಾರು ಎರಡು ಸಾವಿರ ವರ್ಷದ್ದು. ಯಂತ್ರವಿಲ್ಲ, ಕರೆಂಟಿಲ್ಲ. ಬೆಂಕಿ ಹಚ್ಚಿ ಕಲ್ಲು ಕಾಯಿಸಿ, ಒಡೆದು, ಹೊತ್ತು ಮೇಲೆ ತಂದವರು ಯಾರು? ಅವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಸಣ್ಣವರಿಗೂ ಹೇಳಿ ಅಂತ ಅಶೋಕ ಬರೆಸಿದ್ದು ಅಂಥವರ ನಡುವೆ. ಎರಡು ಸಾವಿರ ವರ್ಷದ ಮೇಲೆ ಚಿನ್ನ ಹುಡುಕುತ್ತ ಬಂದವನಿಗೇ ಆ ಬರಹ ಸಿಕ್ಕಿದ್ದು ನೋಡಿ.

ಊರಿನ ಹಳೆಯ ಹೆಸರು ಮೊಸಂಗಿ. ಮಸ್ಕಿಯ ಕಲ್ಲುಬರಹಗಳಲ್ಲಿ ಪಿರಿಯ ಮೊಸಂಗಿ ಅಂತ ಬರುತ್ತದೆ. ರಾಜೇಂದ್ರ ಚೋಳ ಮತ್ತು ಕಲ್ಯಾಣ ಚಾಲುಕ್ಯರ ಜಯಸಿಂಹ ಕಾದಾಡಿದ ಮುಸಂಗಿ ಇದೇ ಎಂದು ಬಹಳ ಮಂದಿ ವಿದ್ವಾಂಸರ ಅಭಿಪ್ರಾಯ. ರಾಜರ ಕಥೆ ಇರಲಿ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ಮಾಡಿಸಿದಾಗ ಒಂದರ ಮೇಲೊಂದು ನಾಲ್ಕು ಕಾಲದ ಪದರ ಸಿಕ್ಕವು. ತಳದಲ್ಲಿ ತಾಮ್ರ ಮತ್ತು ಸಣ್ಣ ಕಲ್ಲಿನ ಅಲಗು ಬಳಸಿದವರು. ಅದರ ಮೇಲೆ ಕಬ್ಬಿಣ ಬಳಸಿದ, ದೊಡ್ಡ ಕಲ್ಲು ನಿಲ್ಲಿಸಿ ಸತ್ತವರನ್ನು ಹೂಳಿದ ಜನ. ಅದರ ಮೇಲೆ ಶಾತವಾಹನರ ಕಾಲ. ಎಲ್ಲಕ್ಕೂ ಮೇಲೆ ಮಧ್ಯಯುಗದ ಮೊಸಂಗಿ. ಆ ಎರಡನೇ ಪದರದ ಜನರ ಮಡಕೆಗೆ ಒಂದು ಗುರುತಿದೆ: ಒಳಗೆ ಮತ್ತು ಬಾಯಿಯ ಹತ್ತಿರ ಕಪ್ಪು, ಹೊರಗೆ ಕೆಳಗೆ ಕೆಂಪು, ಮೇಲೆ ನುಣುಪು ಹೊಳಪು.

ಇದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳುತ್ತೇನೆ.

ನಮ್ಮೂರ ಹೊರಗೆ ಒಂದು ದಿಬ್ಬ ಇತ್ತು. ಬೂದಿ ಬಣ್ಣದ ಮೆತ್ತನೆ ಮಣ್ಣು. ಹಾಳೂರ ಮಣ್ಣು ಹಾಕಿದರೆ ಬೆಳೆ ಚಲೋ ಬರುತ್ತದೆ ಅಂತ ನಮ್ಮಪ್ಪ, ದೊಡ್ಡಪ್ಪ, ಊರಿನ ಎಲ್ಲರೂ ಬಂಡಿ ಕಟ್ಟಿ, ಆಮೇಲೆ ಟ್ರ್ಯಾಕ್ಟರ್ ತಂದು ಅದನ್ನು ಹೊಲಕ್ಕೆ ಸಾಗಿಸಿದರು. ಅದರೊಳಗೆ ಮಡಕೆ ಚೂರು ಬರುತ್ತಿದ್ದವು. ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು, ಹೊಳಪು. ನಾವು ಹುಡುಗರು ಅದನ್ನು ದುಂಡಗೆ ಉಜ್ಜಿ ಕುಂಟಾಬಿಲ್ಲೆ ಆಡಿದೆವು. ಕೈಯಲ್ಲಿ ಚಲೋ ಕೂರುತ್ತಿತ್ತು, ಜಾರುತ್ತಿರಲಿಲ್ಲ. ಈಗ ಆ ದಿಬ್ಬ ಇಲ್ಲ. ನೆಲ ಸಮ ಆಗಿದೆ, ಹತ್ತಿ ಬೆಳೆಯುತ್ತಾರೆ. ಅಲ್ಲಿ ಯಾವ ಕಾಲದ ಎಷ್ಟು ಪದರ ಇದ್ದವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಪ್ಪನನ್ನು ಬೈಯಲೇ? ಅವನಿಗೆ ಯಾರೂ ಹೇಳಿರಲಿಲ್ಲ. ಮಸ್ಕಿ ನಮಗೆ ಒಂದೂವರೆ ತಾಸಿನ ದಾರಿ. ಅವನನ್ನು ಹುಡುಗನಿದ್ದಾಗ ಯಾರಾದರೂ ಕರೆದೊಯ್ದು, ಇಂಥ ಚೂರು ಇರುವ ದಿಬ್ಬ ಅಂದರೆ ಹಳೆ ಜನರ ಮನೆ ಕಣೋ ಅಂದಿದ್ದರೆ ಸಾಕಿತ್ತು.

ಹಾಗಾಗಿ ಹೊರಗಿನ ಪ್ರವಾಸಿಗರು ಬರಲಿ, ವ್ಯಾಪಾರ ಆಗಲಿ ಎನ್ನುವುದು ನನಗೆ ಎರಡನೇ ಮಾತು. ಮೊದಲು ನಾವು ಬರಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿನ ಒಂದೊಂದು ಊರಿನ ಹೊರಗೂ ಇಂಥದೇನಾದರೂ ಇದ್ದೇ ಇರುತ್ತದೆ: ದಿಬ್ಬ, ಬರೆದ ಕಲ್ಲು, ಮುರಿದ ಗುಡಿ, ಗುಡ್ಡದ ಮೇಲೆ ಗೂಳಿಯ ಚಿತ್ರ. ಅದನ್ನು ಕಾಯುವವರು ಆ ಊರಿನವರೇ, ಹಾಳು ಮಾಡುವವರೂ ಆ ಊರಿನವರೇ. ನಿಧಿ ಇದೆ ಅಂತ ಅಮಾವಾಸ್ಯೆ ರಾತ್ರಿ ಅಗೆದ ಗುಂಡಿಗಳನ್ನು ನೀವೂ ನೋಡಿದ್ದೀರಿ. ಎಲ್ಲ ಕಲ್ಲಿಗೂ ಸರ್ಕಾರ ಜಾಲರಿ ಹಾಕಲು ಆಗುವುದಿಲ್ಲ.

ಇದನ್ನು ನಮ್ಮ ಗೆಳೆಯರ ನಡುವೆ ಹೇಳಿದಾಗ ಒಬ್ಬ ಸಿಟ್ಟಾದ. "ಕಾಲುವೆ ಕೊನೆ ಹೊಲಕ್ಕ ನೀರಿಲ್ಲ, ಮಂದಿ ಗುಳೆ ಹೊಂಟಾರ, ನೀನು ಕಲ್ಲು ನೋಡು ಅಂತೀಯಲ್ಲ" ಅಂದ. ಅವನ ಸಿಟ್ಟು ಸುಳ್ಳಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಊರಾಯಿತು, ಆದರೆ ಕೊನೆ ಭಾಗದ ರೈತರು ಇಂದಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ನೀರು ಮತ್ತು ಕಲ್ಲು ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನೂ ನೀರನ್ನೇ ಆರಿಸುತ್ತೇನೆ. ಆದರೆ ಹಾಗೆ ಯಾರೂ ಕೇಳುತ್ತಿಲ್ಲ. ನಾನು ಹೇಳುವುದಕ್ಕೆ ಬೇಕಾದದ್ದು ಒಂದು ಬಸ್ ಟಿಕೆಟ್, ಅರ್ಧ ದಿನ.

ಕೋಟಿಗಟ್ಟಲೆ ಹಾಕಿ ಉದ್ಯಾನ, ದೊಡ್ಡ ಮೂರ್ತಿ, ಬಣ್ಣದ ಕಾರಂಜಿ ಮಾಡಿ ಅನ್ನುವವರ ಜೊತೆ ನಾನಿಲ್ಲ. ಎಚೂಕಾದವರು ಹೊಸ ಮೂರ್ತಿ ನಿಲ್ಲಿಸಲಿಲ್ಲ, ಇದ್ದ ಕಟ್ಟಿಗೆಯನ್ನು ಕೊಳೆಯದಂತೆ ನೋಡಿಕೊಂಡರು. ಮಸ್ಕಿಗೆ ಬೇಕಾದದ್ದೂ ಇಷ್ಟೇ: ಬಸ್ ನಿಲ್ದಾಣದಲ್ಲಿ ದಾರಿ ತೋರಿಸುವ ದೊಡ್ಡ ಫಲಕ, ಬಂಡೆಯ ಹತ್ತಿರ ಆ ಎಂಟು ಸಾಲಿನ ಅರ್ಥ ಹಳ್ಳಿ ಮಂದಿಗೆ ತಿಳಿಯುವ ಕನ್ನಡದಲ್ಲಿ, ದೂರದಿಂದ ಓದಲು ಬರುವ ಅಕ್ಷರದಲ್ಲಿ, ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಬಹುದಾದ ಶೌಚಾಲಯ, ಕುಡಿಯುವ ನೀರು. ಡಿಗ್ರಿ ಮುಗಿಸಿ ಊರಲ್ಲಿ ಕೂತ ಹತ್ತು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟರೆ ಕಥೆ ಹೇಳುವವರೂ ಸಿಗುತ್ತಾರೆ. ಮಸ್ಕಿ ಈಗ ತಾಲ್ಲೂಕು ಕೇಂದ್ರ. ಇಷ್ಟಕ್ಕೆ ದೂರದ ಊರಿಗೆ ಅರ್ಜಿ ಹಿಡಿದು ಅಲೆಯಬೇಕಾಗಬಾರದು.

ಶಾಲೆಯವರಿಗೆ ಒಂದು ವಿನಂತಿ. ನಾನು ಓದಿದ ಶಾಲೆಯಲ್ಲಿ ಮೂರು ದಿನದ ಮೈಸೂರು ಪ್ರವಾಸ ಮಾಡಿದರು. ದುಡ್ಡು ಕಟ್ಟಲಾಗದ ಅರ್ಧ ಕ್ಲಾಸು ಮನೆಯಲ್ಲಿ ಉಳಿಯಿತು, ನಾನೂ ಉಳಿದೆ. ಮಸ್ಕಿ ಪ್ರವಾಸಕ್ಕೆ ಯಾರೂ ಉಳಿಯಬೇಕಿಲ್ಲ. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಸುಮಾರು 30 ಕಿಲೋಮೀಟರ್. ಗಣರಾಜ್ಯೋತ್ಸವದ ದಿನ ಮಕ್ಕಳು ಬಾವುಟಕ್ಕೆ ವಂದನೆ ಮಾಡುತ್ತಾರೆ. ಅದರ ನಡುವಿನ ಚಕ್ರ ಅಶೋಕನದು, ನೋಟಿನ ಮೇಲಿನ ಸಿಂಹವೂ ಅವನದೇ. ಮರುದಿನ ಕರೆದುಕೊಂಡು ಹೋಗಿ ಅವನ ಹೆಸರು ಬರೆದ ಕಲ್ಲಿನ ಮುಂದೆ ನಿಲ್ಲಿಸಿ. ಜನವರಿಯಲ್ಲಿ ಬಿಸಿಲೂ ಕಡಿಮೆ.

ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಾದರೆ ಬೆಳಿಗ್ಗೆ ಹತ್ತರೊಳಗೆ ಗುಡ್ಡ ಮುಗಿಸಿ, ಆಮೇಲೆ ಬಂಡೆ ಹಂಚಿನ ಹಾಗೆ ಕಾಯುತ್ತದೆ. ಜಾಲರಿಯೊಳಗೆ ಕೈ ಹಾಕಿ ಅಕ್ಷರ ಮುಟ್ಟಬೇಡಿ. ಹೆಸರು ಕೆತ್ತುವ ಚಟ ಇದ್ದವರು ಮನೆಯಲ್ಲೇ ಇರಿ. ಹೊತ್ತು ಉಳಿದರೆ ಲಿಂಗಸುಗೂರು ಕಡೆ ಮುಂದುವರಿದು ಮುದಗಲ್ ಕೋಟೆ ನೋಡಿ. ವಿಜಯನಗರ ಮತ್ತು ಬಹಮನಿ ಸುಲ್ತಾನರು ಇದಕ್ಕಾಗಿ ಎಷ್ಟು ಸಲ ಬಡಿದಾಡಿದರೋ. ಅದರ ಹತ್ತಿರದ ಪಿಕ್ಲಿಹಾಳದ ಗುಡ್ಡಗಳಲ್ಲಿ ಕಲ್ಲಿನ ಕಾಲದ ದನಗಾಹಿಗಳು ಬಿಟ್ಟುಹೋದ ಚಿತ್ರಗಳಿವೆ. 1950ರ ದಶಕದಲ್ಲಿ ಆಲ್ಚಿನ್ ಎಂಬ ಇಂಗ್ಲಿಷ್ ಪುರಾತತ್ವಜ್ಞ ಅಲ್ಲಿ ಅಗೆದು ಪುಸ್ತಕ ಬರೆದ. ಕೃಷ್ಣಾ ನಡುಗಡ್ಡೆಯ ಜಲದುರ್ಗಕ್ಕೆ ಮಾತ್ರ ಮಳೆಗಾಲದಲ್ಲಿ ಹೊರಡಬೇಡಿ; ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ಅತ್ತ ಹೋದವರು ಅತ್ತಲೇ ಉಳಿಯುತ್ತಾರೆ.

ಆವತ್ತು ನಾನು ಗುಡ್ಡ ಇಳಿದು ಬರುವಾಗ ಆಡು ಕಾಯುವ ಅಜ್ಜಿ ಸಿಕ್ಕಳು. "ಏನ್ ನೋಡಿದ್ಯಪಾ?" ಅಂದಳು. ಕಲ್ಲು ಅಂದೆ. "ಏನ್ ಬರದಾರ ಅದರಾಗ?" ಅಂತ ಕೇಳಿದಳು. ಇಷ್ಟು ವರ್ಷ ಅದರ ನೆರಳಲ್ಲೇ ಆಡು ಮೇಯಿಸಿದ್ದಾಳೆ, ಯಾರೂ ಹೇಳಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಹೇಳಿ ಅಂತ ಬರದಾರ ಅಜ್ಜಿ, ಸಣ್ಣವರ ಕೈಲೂ ಆಗ್ತದ ಅಂತ, ಅಂದೆ. ಅವಳು ಸ್ವಲ್ಪ ಹೊತ್ತು ಬಂಡೆಯ ಕಡೆ ನೋಡಿದಳು. "ಯಾರು ಬರಸಿದ್ದು?" ಅಂದಳು. ಹೆಸರು ಹೇಳಿದೆ. ಅವಳ ಮೊಮ್ಮಗನ ಹೆಸರೂ ಅಶೋಕನಂತೆ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ, ಉಗಾದಿಗೆ ಬರುತ್ತಾನೆ ಅಂದಳು.

ಬಸ್ಸಿನಲ್ಲಿ ಕೂತು ಗೆಳೆಯನಿಗೆ ಬಂಡೆಯ ಫೋಟೊ ಕಳಿಸಿದೆ. ಅದರಲ್ಲಿ ಜಾಲರಿಯೇ ಜಾಸ್ತಿ, ಅಕ್ಷರ ಕಡಿಮೆ ಬಂದಿತ್ತು. ಮನೆಗೆ ಬಂದು ಅವ್ವನಿಗೆ, ಮುಂದಿನ ವಾರ ನಿನ್ನನ್ನೂ ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ ಅಂದೆ. ಅಪ್ಪ ಏನೂ ಅನ್ನಲಿಲ್ಲ. ಅವ್ವ, "ಮಿರ್ಚಿ ಸಿಗುವ ಊರಲ್ಲೇನು, ನಡಿ ಹೋಗೂಣು" ಅಂದಳು.